ಪ್ರತಾಪನ ಶ್ರೀಕಾರ

ಪ್ರತಾಪನಿಗೆ ಕೆಲಸ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸಿಡ್ನಿಯ ಪ್ಯಾರಮಟ್ಟಾದಲ್ಲಿರುವ ಅವನ ಆಫೀಸಿನಲ್ಲಿ ಇದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಲ್ಲಿ ಅವನು ಸೀನಿಯರ್ ಎಂಜಿನಿಯರ್. ನಗುಮುಖ, ಇಸ್ತ್ರಿ ಮಾಡಿದ ಅಂಗಿ, ಮೀಟಿಂಗಿನಲ್ಲಿ ಯಾರು ಏನು ಹೇಳಿದರೂ ತಲೆದೂಗಿ ಅದನ್ನೇ ಬೇರೆ ಮಾತಿನಲ್ಲಿ ಮತ್ತೆ ಹೇಳುವ ಜಾಣತನ. ಅವನ ಕೆಲಸವನ್ನು ಮಾಡುತ್ತಿದ್ದವಳು ಮೆಲ್ಬರ್ನಿನ ಟಾರ್ನೀಟಿನಲ್ಲಿದ್ದ ಅಹಲ್ಯಾ.

ಇದಕ್ಕೆ ನಮ್ಮ ಜನ ಇಟ್ಟಿರುವ ಹೆಸರು ಜಾಬ್ ಸಪೋರ್ಟ್. ರೆಸ್ಯುಮೆಯಲ್ಲಿ ಇಲ್ಲದ ಅನುಭವ ತುಂಬಿ ಕೆಲಸ ಗಿಟ್ಟಿಸಿಕೊಂಡವರು, ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ತಮ್ಮ ಲ್ಯಾಪ್‌ಟಾಪಿನ ಪರದೆಯನ್ನು ಬಲ್ಲವರೊಬ್ಬರಿಗೆ ಇಂಟರ್‌ನೆಟ್ಟಿನಲ್ಲೇ ಒಪ್ಪಿಸಿ ಪಕ್ಕಕ್ಕೆ ಸರಿಯುತ್ತಾರೆ. ಬೇರೆಲ್ಲೋ ಕೂತವರ ಬೆರಳು ಇಲ್ಲಿ ಟೈಪ್ ಮಾಡುತ್ತದೆ. ಬೆಂಗಳೂರಿನಲ್ಲೂ ಹೈದರಾಬಾದಿನಲ್ಲೂ ಇದನ್ನೇ ಕಸುಬು ಮಾಡಿಕೊಂಡು ದುಡ್ಡು ತೆಗೆದುಕೊಳ್ಳುವವರಿದ್ದಾರೆ. ಅಹಲ್ಯಾ ದುಡ್ಡು ಕೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ರೆಫರೆನ್ಸ್.

ಆಸ್ಟ್ರೇಲಿಯಾದಲ್ಲಿ ಕೆಲಸ ಕೊಡುವ ಮೊದಲು ಫೋನ್ ಮಾಡಿ ವಿಚಾರಿಸುತ್ತಾರೆ. ನಿಮ್ಮ ಕೆಲಸವನ್ನು ಇಲ್ಲಿ ಕಣ್ಣಾರೆ ಕಂಡವರು ಯಾರಿದ್ದಾರೆ, ಅವರ ನಂಬರ್ ಕೊಡಿ ಎನ್ನುತ್ತಾರೆ. ಅಹಲ್ಯಾಳಿಗೆ ಅಂಥವರು ಯಾರೂ ಇರಲಿಲ್ಲ. ಬೆಂಗಳೂರಿನಲ್ಲಿ ಅವಳು ಟೀಮ್ ಲೀಡ್ ಆಗಿದ್ದಳು. ಗಂಡ ಭಾಸ್ಕರನಿಗೆ ಇಲ್ಲಿ ಕಾಯಂ ನೆಲೆಸುವ ಪಿಆರ್ ಬಂತು, ಜೊತೆಯಲ್ಲಿ ಬಂದಳು, ಮಗಳು ಆದ್ಯಾ ಹುಟ್ಟಿದಳು, ಮತ್ತೆ ಕೆಲಸ ಹುಡುಕಲು ಕೂತಾಗ ಎಲ್ಲ ಕಡೆಯೂ ಒಂದೇ ಮಾತು: ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ. ಈಗ ಟಾರ್ನೀಟಿನ ಇಂಡಿಯನ್ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತು ಇಡ್ಲಿ ರವೆ, ಕೊತ್ತಂಬರಿ ಕಟ್ಟು, ಫ್ರೋಜನ್ ಪರೋಟ ಸ್ಕ್ಯಾನ್ ಮಾಡುತ್ತಿದ್ದಳು. ಆ ಕೆಲಸದಲ್ಲಿ ಅವಮಾನವೇನೂ ಇಲ್ಲ ಎಂದು ಬಂಧುಬಳಗವೆಲ್ಲ ಹೇಳುತ್ತಿತ್ತು. ಹಾಗೆ ಹೇಳುವವರು ಯಾರೂ ಆ ಕೆಲಸ ಮಾಡುತ್ತಿರಲಿಲ್ಲ.

ಪ್ರತಾಪ ಅವಳಿಗೆ ಹೊಸಬನಲ್ಲ. ಬೆಂಗಳೂರಿನಲ್ಲಿ ಅವಳ ಟೀಮಿಗೆ ಹೊಸದಾಗಿ ಸೇರಿದವನು, ಅವಳ ಹತ್ತಿರ ಬೈಸಿಕೊಂಡೇ ಅಷ್ಟಿಷ್ಟು ಕಲಿತವನು. ಅಲ್ಲಿ ಅವಳನ್ನು ಮೇಡಂ ಎನ್ನುತ್ತಿದ್ದ. ಇಲ್ಲಿ ಬಿಟ್ಟಿ ಕೆಲಸ ಬೇಕಾದ ದಿನದಿಂದ ಅಕ್ಕ ಎನ್ನತೊಡಗಿದ.

"ಒಂದು ವರ್ಷ ಹೆಲ್ಪ್ ಮಾಡಿ ಅಕ್ಕ. ನಾನಿಲ್ಲಿ ಸೆಟಲ್ ಆದ್ಮೇಲೆ ನಿಮ್ಗೆ ರೆಫರೆನ್ಸ್ ಕೊಡೋನು ನಾನೇ. ನಿಮ್ ಕೆಲ್ಸ ನೋಡಿರೋನು ನನ್ ಬಿಟ್ಟು ಇಲ್ಲಿ ಯಾರಿದಾರೆ ಹೇಳಿ," ಎಂದಿದ್ದ. ಮಾತು ನಿಜವೇ. ಅಹಲ್ಯಾ ಒಪ್ಪಿಕೊಂಡಳು.

ಪ್ರತಾಪನ ಕಂಪನಿ ವೃದ್ಧಾಶ್ರಮಗಳಿಗಾಗಿ ಒಂದು ಎಡಿಟರ್, ಅಂದರೆ ಬರೆಯುವ ಪ್ರೋಗ್ರಾಮ್, ಮಾಡಿತ್ತು. ನರ್ಸುಗಳು ಒಬ್ಬೊಬ್ಬ ಮುದುಕ ಮುದುಕಿಯ ದಿನದ ವಿವರವನ್ನು ಅದರಲ್ಲಿ ಬರೆಯುತ್ತಿದ್ದರು. ಅವಸರದಲ್ಲಿ ಬರೆದರೆ ತಪ್ಪುಗಳಾಗುತ್ತವೆಂದು, ಸ್ಪೆಲ್ಲಿಂಗೂ ಗ್ರಾಮರೂ ನೋಡುವ ಇನ್ನೊಂದು ಪ್ರೋಗ್ರಾಮನ್ನು ಹೊರಗಿನಿಂದ ತಂದು ಎಡಿಟರಿಗೆ ಜೋಡಿಸಿದ್ದರು. ಅದಕ್ಕೆ ಚೆಕ್ಕರ್ ಎನ್ನುತ್ತಿದ್ದರು. ತಪ್ಪು ಪದದ ಕೆಳಗೆ ಕೆಂಪು ಗೆರೆ ಬರುತ್ತದೆ, ಒತ್ತಿದರೆ ಸರಿಯಾದ ಪದ ಕೂರುತ್ತದೆ. ಆದರೆ ಕೆಲವು ಪುಟಗಳಲ್ಲಿ ಗೆರೆ ತಪ್ಪು ಪದವನ್ನು ಬಿಟ್ಟು ಪಕ್ಕದ ಪದದ ಬಾಲಕ್ಕೆ ಬಂದು ಕೂರುತ್ತಿತ್ತು. ನರ್ಸು ನಂಬಿ ಒತ್ತಿದರೆ ಸರಿಯಾಗಿದ್ದ ಪದದ ಅರ್ಧವನ್ನು ನುಂಗಿಹಾಕುತ್ತಿತ್ತು. ವೃದ್ಧಾಶ್ರಮದವರು ಬೈಯುತ್ತಿದ್ದರು. ಇಡೀ ಟೀಮ್ ತಲೆ ಮೇಲೆ ಕೈ ಹೊತ್ತು ಕೂತಿತ್ತು. ವಿಯೆಟ್ನಾಂ ಮೂಲದ ಹೆಸರುಗಳಿದ್ದ ಕಡೆಯೇ ಹೆಚ್ಚು ಹೀಗಾಗುತ್ತದೆ ಎಂದು ಯಾರೋ ಗಮನಿಸಿ, ಆ ಹೆಸರುಗಳನ್ನೆಲ್ಲ ಡಿಕ್ಷನರಿಗೆ ತುಂಬಿಸಿದರು. ಏನೂ ಆಗಲಿಲ್ಲ.

"ಅಕ್ಕ, ಹುಚ್ಚು ಹಿಡೀತಿದೆ. ಈ ವೀಕ್‌ನಲ್ಲಿ ಫಿಕ್ಸ್ ಆಗ್ಲಿಲ್ಲ ಅಂದ್ರೆ ಫಿಯೋನಾ ನನ್ನ ಬಿಡಲ್ಲ," ಎಂದು ಪ್ರತಾಪ ಪರದೆ ಒಪ್ಪಿಸಿದ. ಫಿಯೋನಾ ಅವನ ಮ್ಯಾನೇಜರ್.

ಅಹಲ್ಯಾ ಹೊಸ ಪುಟ ತೆರೆದಳು. ತೆರೆದವಳೇ ಮೇಲೆ ನಡುಮಧ್ಯದಲ್ಲಿ ಕನ್ನಡದಲ್ಲಿ ಶ್ರೀ ಎಂದು ಹೊಡೆದಳು. ಬೇಕೆಂದು ಮಾಡಿದ್ದಲ್ಲ. ಪರೀಕ್ಷೆಯ ಉತ್ತರಪತ್ರಿಕೆಯಿಂದ ಹಿಡಿದು ಮದುವೆಯ ದಿನಸಿ ಚೀಟಿಯವರೆಗೆ ಎಲ್ಲದರ ನೆತ್ತಿಗೂ ಶ್ರೀ ಬರೆದು, ಆಮೇಲೆ ಅರಿಶಿನ ಕುಂಕುಮ ಎಂದು ಶುರು ಮಾಡುವ ಮನೆಗಳಲ್ಲಿ ಬೆಳೆದವರಿಗೆ ಖಾಲಿ ಪುಟ ಕಂಡರೆ ಕೈ ಸುಮ್ಮನಿರುವುದಿಲ್ಲ. ಕರ್ನಾಟಕದಲ್ಲಿ ಇಂಥ ಮನೆಗಳಿಗೆ ಲೆಕ್ಕವಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಒಂದು ತಪ್ಪು ವಾಕ್ಯ ಬರೆದಳು. ಕೆಂಪು ಗೆರೆ ಒಂದೆರಡು ಅಕ್ಷರವಲ್ಲ, ಒಂದು ಪದ ಪೂರ್ತಿ ಆಚೆಗೆ ಹಾರಿ ಕೂತಿತು.

ಅಹಲ್ಯಾ ನಕ್ಕುಬಿಟ್ಟಳು. "ಡಿಕ್ಷನರಿದೇನೂ ತಪ್ಪಿಲ್ಲ ಕಣೋ ಪ್ರತಾಪ್. ಇವೆರಡೂ ಬೇರೆ ಬೇರೆ ಥರ ಎಣಿಸ್ತಿವೆ. ಶ್ರೀ ನಿನ್ ಕಣ್ಣಿಗೆ ಒಂದು. ಎಡಿಟರ್ ಲೆಕ್ಕದಲ್ಲಿ ನಾಲ್ಕು. ಚೆಕ್ಕರ್ ಅದನ್ನೇ ಹನ್ನೆರಡು ಅಂತಿದೆ. ಅದು ಇಷ್ಟನೇ ಅಕ್ಷರ ತಪ್ಪು ಅಂದ್ರೆ ಇದು ಬೇರೆಲ್ಲೋ ಗೆರೆ ಎಳೆಯುತ್ತೆ. ಬರೀ ಇಂಗ್ಲಿಷ್ ಇದ್ರೆ ಎರಡರ ಲೆಕ್ಕಾನೂ ಒಂದೇ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. ಆ ವಿಯೆಟ್ನಾಂ ಹೆಸರುಗಳಲ್ಲಿ ಮೇಲೊಂದು ಕೆಳಗೊಂದು ಗುರುತು ಇರುತ್ತಲ್ಲ, ಅಲ್ಲೂ ಸ್ವಲ್ಪ ಸ್ವಲ್ಪ ಜಾರುತ್ತೆ."

"ಓಹೋ," ಎಂದ ಪ್ರತಾಪ. ಅವನಿಗೆ ಅರ್ಥವಾಗಿರಲಿಲ್ಲ. ಕಾಫಿ ಮಾಡಿಕೊಳ್ಳಲು ಎದ್ದು ಹೋದ.

ಅವನು ಕಾಫಿ ಕುಡಿದು ಬರುವಷ್ಟರಲ್ಲಿ ಅವಳು ಒಂದರ ಎಣಿಕೆಯನ್ನು ಇನ್ನೊಂದಕ್ಕೆ ಹೊಂದಿಸುವ ಭಾಗ ಬರೆದು ಮುಗಿಸಿದ್ದಳು. ಮುಂದೆ ಯಾರೂ ಕೆಡಿಸಬಾರದೆಂದು ಒಂದು ಪರೀಕ್ಷೆಯನ್ನೂ ಸೇರಿಸಿದಳು: ಮೇಲೆ ಶ್ರೀ, ಕೆಳಗೆ ತಪ್ಪು ವಾಕ್ಯ, ಗೆರೆ ಇಂಥಲ್ಲೇ ಬೀಳಬೇಕು.

ಆಫೀಸಿನಲ್ಲಿ ಇದನ್ನು ತೋರಿಸುವಾಗ ಫಿಯೋನಾ, ಮೇಲಿರುವ ಈ ಸುಂದರ ಆಕಾರ ಏನು ಎಂದು ಕೇಳಿದಳು. ಇಂಥ ಪ್ರಶ್ನೆಗಳಲ್ಲಿ ಪ್ರತಾಪನನ್ನು ಮೀರಿಸುವವರಿಲ್ಲ. ಅದು ನಮ್ಮ ಮನೆತನದ ಗುರುತು, ನಮ್ಮಜ್ಜಿ ಹೇಳಿಕೊಟ್ಟದ್ದು, ಯಾವ ಕೆಲಸ ಶುರು ಮಾಡಿದರೂ ಮೊದಲು ಇದನ್ನು ಬರೆಯುತ್ತೇನೆ ಎಂದ. ಅಜ್ಜಿಯ ಮಾತು ಬಂದಾಗ ದನಿಯನ್ನು ಒಂಚೂರು ಇಳಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಮಿನವರು ಅದಕ್ಕೆ 'ಪ್ರತಾಪ್ ಟೆಸ್ಟ್' ಎಂದು ಹೆಸರಿಟ್ಟು, ಆ ಶ್ರೀಯನ್ನು ಕಾಫಿ ಮಗ್ಗುಗಳ ಮೇಲೆ ಅಚ್ಚು ಹಾಕಿಸಿದರು. ಪ್ರತಾಪ ಮಗ್ಗಿನ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ.

ಅಹಲ್ಯಾಳಿಗೆ ಅದನ್ನು ನೋಡಿ ಖುಷಿಯಾಯಿತು, ಹುಚ್ಚಿ. ಗಂಡನಿಗೆ ತೋರಿಸಿದಳು.

"ಇದ್ರಲ್ಲಿ ನಿನ್ ಹೆಸ್ರು ಎಲ್ಲಿದೆ?" ಎಂದ ಭಾಸ್ಕರ, ಟೀವಿಯಿಂದ ಕಣ್ಣು ತೆಗೆಯದೆ.

ಅವನು ಪ್ರೀತಿಯಿಂದ ಹೇಳಿದ ಮಾತಲ್ಲ, ಆದರೂ ಸರಿಯಾಗಿಯೇ ಹೇಳಿದ್ದ. ಮಾರನೆಯ ದಿನ ಅಹಲ್ಯಾ ರೆಫರೆನ್ಸಿನ ಮಾತೆತ್ತಿದಳು. ನನ್ನ ಪ್ರಮೋಷನ್ ಆಗಲಿ ಎಂದ ಪ್ರತಾಪ. ಪ್ರಮೋಷನ್ ಆಯಿತು. ಈಗ ತಾನೇ ಆಗಿದೆ, ಒಂದು ಕ್ವಾರ್ಟರ್ ಹೋಗಲಿ ಎಂದ. ಅದೂ ಹೋಯಿತು. ಹೀಗೆ ಮೂಗಿಗೆ ತುಪ್ಪ ಸವರುತ್ತಲೇ ವರ್ಷ ದಾಟಿಸಿದ.

ಆಗಲೇ ಪ್ರತಾಪನ ಟೀಮಿಗೆ ಮೆಲ್ಬರ್ನಿನಲ್ಲಿ ಒಬ್ಬರು ಬೇಕೆಂದು ಜಾಹೀರಾತು ಬಂದದ್ದು. ಎಡಿಟರೂ ಚೆಕ್ಕರೂ ಜೋಡಿಸುವ ಕೆಲಸ. ಅಹಲ್ಯಾ ಆ ಜಾಹೀರಾತನ್ನು ಸಾಲು ಸಾಲಾಗಿ ಓದಿದಳು. ಅದರಲ್ಲಿ ಕೇಳಿದ್ದ ಒಂದೊಂದು ವಿಷಯವನ್ನೂ ಅವಳು ಒಂದು ವರ್ಷದಿಂದ ಅದೇ ಕಂಪನಿಗೆ ಮಾಡುತ್ತಿದ್ದಳು. ಈ ಕೆಲಸ ಸಿಕ್ಕಿದರೆ ಯಾರ ರೆಫರೆನ್ಸೂ ಬೇಡ, ಯಾರ ಹಂಗೂ ಬೇಡ, ಕೌಂಟರಿಗೆ ಕೈ ಮುಗಿಯಬಹುದು. ಪ್ರತಾಪನಿಗೆ ಫೋನ್ ಮಾಡಿದಳು.

"ಹಾಕಿ ಅಕ್ಕ, ಖಂಡಿತ ಹಾಕಿ," ಎಂದ ಅವನು. ಇಷ್ಟು ವರ್ಷ ಕೆಲಸವಿಲ್ಲದವಳ ಅರ್ಜಿ ಮೊದಲ ಜರಡಿಯಲ್ಲೇ ಉದುರುತ್ತದೆ ಎಂಬ ಧೈರ್ಯ ಅವನಿಗಿತ್ತು.

ಉದುರಲಿಲ್ಲ. ಅರ್ಜಿಯ ಜೊತೆ ಬರೆಯಬೇಕಿದ್ದ ಪುಟದಲ್ಲಿ, ಇಂಥ ಜೋಡಣೆಗಳು ಎಲ್ಲೆಲ್ಲಿ ಕೈಕೊಡುತ್ತವೆ ಎಂದು ಅಹಲ್ಯಾ ಬರೆದಿದ್ದನ್ನು ಓದಿ ಫಿಯೋನಾ ಅವಳನ್ನು ಇಂಟರ್‌ವ್ಯೂಗೆ ಕರೆದಳು. ಕೇಳುವವರಲ್ಲಿ ಒಬ್ಬನಾಗಿ ಪ್ರತಾಪನೇ ಕೂರಬೇಕೆಂದಳು. ಚೆಕ್ಕರಿನ ವಿಷಯದಲ್ಲಿ ಆಫೀಸಿಗೆ ಅವನಿಗಿಂತ ಬಲ್ಲವರು ಯಾರಿದ್ದಾರೆ?

ಅವತ್ತು ಸಂಜೆ ಪ್ರತಾಪ ತಾನಾಗಿ ಫೋನ್ ಮಾಡಿದ. "ಅಕ್ಕ, ಒಂದು ಮಾತು. ನಮ್ಗೆ ಪರಿಚಯ ಇದೆ ಅಂತ ಹೇಳ್ಬೇಡಿ. ಇಲ್ಲಿ ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಅಂತ ದೊಡ್ ರಾಮಾಯಣ ಮಾಡ್ತಾರೆ. ನೀವು ಯಾರೋ, ನಾನು ಯಾರೋ. ಒಳ್ಗಡೆ ನಾನಿರ್ತೀನಲ್ಲ, ನೋಡ್ಕೋತೀನಿ."

"ನಿನ್ನನ್ನೇ ನಂಬಿದೀನಿ ಪ್ರತಾಪ್," ಎಂದಳು ಅಹಲ್ಯಾ.

ಇಂಟರ್‌ವ್ಯೂ ವಿಡಿಯೋದಲ್ಲಿ. ಟಾರ್ನೀಟಿನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಹಿಂದಿನ ಗೋಡೆಯಿಂದ ಮಗಳ ಚಿತ್ರಗಳನ್ನು ತೆಗೆದು, ಅಹಲ್ಯಾ ಒಳ್ಳೆಯ ಕುರ್ತಾ ಹಾಕಿಕೊಂಡು ಕೂತಳು. ಪರದೆಯ ಮೇಲೆ ಫಿಯೋನಾ, ಪಕ್ಕದ ಚೌಕದಲ್ಲಿ ಪ್ರತಾಪ. ನಮ್ಮ ಕಂಪನಿಯಲ್ಲಿ ಯಾರಾದರೂ ಗೊತ್ತೇ ಎಂದು ಫಿಯೋನಾ ಮೊದಲಿಗೇ ಕೇಳಿದಳು. ಕೇಳಲೇಬೇಕಾದ ಪ್ರಶ್ನೆ ಅದು. ಇಲ್ಲ ಎಂದಳು ಅಹಲ್ಯಾ. ಪ್ರತಾಪ ಸೌಜನ್ಯದಿಂದ ಮುಗುಳ್ನಕ್ಕ.

ಪ್ರಶ್ನೆಗಳಿಗೆ ಅವಳು ಚೆನ್ನಾಗಿ ಉತ್ತರಿಸಿದಳು. ಫಿಯೋನಾ ಮುಂದೆ ಬಾಗಿ ಕೇಳಿಸಿಕೊಳ್ಳತೊಡಗಿದಳು. ಎಷ್ಟೋ ವರ್ಷಗಳ ಮೇಲೆ ಅಹಲ್ಯಾಳ ಮಾತನ್ನು ಒಬ್ಬರು ಹಾಗೆ ಕೇಳುತ್ತಿದ್ದರು. ಕೊನೆಗೆ ಒಂದು ಪುಟ್ಟ ಎಡಿಟರನ್ನು ಅವಳ ಪರದೆಗೆ ಕಳಿಸಿದರು. ಇದರಲ್ಲಿ ಕೆಂಪು ಗೆರೆ ಎಲ್ಲೆಲ್ಲೋ ಬೀಳುತ್ತಿದೆ, ಏಕೆಂದು ಕಂಡುಹಿಡಿಯಿರಿ ಎಂದಳು ಫಿಯೋನಾ. ಬಂದವರೆಲ್ಲ ಇದರ ಮುಂದೆ ಬಹಳ ಹೊತ್ತು ಬೆವರಿದ್ದಾರೆ ಎಂದು ನಗುತ್ತಾ ಎಚ್ಚರಿಸಿದಳು.

ಖಾಲಿ ಪುಟ ತೆರೆಯಿತು. ಅಹಲ್ಯಾಳ ಬೆರಳು ಮೇಲೆ ನಡುಮಧ್ಯದಲ್ಲಿ ಶ್ರೀ ಎಂದು ಹೊಡೆಯಿತು.

ಫಿಯೋನಾ ನಗು ನಿಲ್ಲಿಸಿದಳು. ಅವಳ ಕೈಯಲ್ಲಿದ್ದ ಕಾಫಿ ಮಗ್ಗಿನ ಮೇಲೆ ಅದೇ ಆಕಾರವಿತ್ತು. ಅಹಲ್ಯಾ ಅದನ್ನು ಗಮನಿಸದೆ ಕೆಳಗೊಂದು ತಪ್ಪು ವಾಕ್ಯ ಬರೆದು, ಗೆರೆ ಜಾರಿದ್ದನ್ನು ತೋರಿಸಿ, ಎರಡು ಪ್ರೋಗ್ರಾಮುಗಳ ಎಣಿಕೆ ಹೊಂದುತ್ತಿಲ್ಲ ಎಂದು ಒಂದೇ ಉಸಿರಿಗೆ ವಿವರಿಸಿಬಿಟ್ಟಳು.

ಈ ಗುರುತು ನಿಮಗೆ ಎಲ್ಲಿ ಸಿಕ್ಕಿತು ಎಂದು ಫಿಯೋನಾ ಕೇಳಿದಳು. ನಮ್ಮ ಕಡೆ ಏನು ಬರೆದರೂ ಮೊದಲು ಇದನ್ನು ಬರೆಯುತ್ತೇವೆ, ಎಲ್ಲರೂ ಬರೆಯುತ್ತಾರೆ ಎಂದಳು ಅಹಲ್ಯಾ.

ಫಿಯೋನಾ ಪ್ರತಾಪನ ಚೌಕದ ಕಡೆ ತಿರುಗಿದಳು. ಪ್ರತಾಪ್, ನೀನೂ ಅದೇ ರಾಜ್ಯದವನಲ್ಲವೇ? ಇದು ನಿಮ್ಮಲ್ಲಿ ಎಲ್ಲರೂ ಮಾಡುವುದೇ?

ಹೌದು ಎಂದರೆ ಮುಗಿಯುತ್ತಿತ್ತು. ಅವನ ಒಂದು ಕೂದಲೂ ಕೊಂಕುತ್ತಿರಲಿಲ್ಲ. ಅಜ್ಜಿಯ ಕಥೆಗೆ ಒಂಚೂರು ಮೆರುಗು ಕಡಿಮೆಯಾಗುತ್ತಿತ್ತು, ಅಷ್ಟೇ. ಆದರೆ ಅಹಲ್ಯಾ ಟೀಮಿಗೆ ಬಂದರೆ ತನ್ನ ಕೆಲಸ ಮಾಡಿಕೊಡುವವರು ಯಾರು? ಪ್ರತಿ ಮೀಟಿಂಗಿನಲ್ಲಿ ಪಕ್ಕದ ಚೌಕದಲ್ಲಿ ಕೂತು ತನಗೇನು ಬರುತ್ತದೆ ಏನು ಬರುವುದಿಲ್ಲ ಎಂದು ಬಲ್ಲವಳು ನೋಡುತ್ತಿದ್ದರೆ ಬಾಳುವುದು ಹೇಗೆ? ಪ್ರತಾಪ ಇಷ್ಟನ್ನೂ ಒಂದು ಉಸಿರಿನಲ್ಲಿ ತೂಗಿ ನೋಡಿದ. ಕೆಲಸ ಬಾರದವನಿಗೆ ಈ ತೂಕ ಚೆನ್ನಾಗಿ ಬರುತ್ತಿತ್ತು.

ಇಲ್ಲ, ನಮ್ಮ ಮನೆಯಲ್ಲಿ ಮಾತ್ರ ಎಂದ. ಹಾಗೆ ಹೇಳುವಾಗ ದನಿಯನ್ನು ಒಂಚೂರು ಇಳಿಸಿದ.

ಅಹಲ್ಯಾ ಅವನ ಮುಖವನ್ನೇ ನೋಡಿದಳು. ಅವನು ಕ್ಯಾಮೆರಾವನ್ನು ನೋಡುತ್ತಿದ್ದ. ನೀವು ನಮ್ಮ ಕೋಡನ್ನು ಎಲ್ಲಾದರೂ ನೋಡಿದ್ದೀರಾ ಎಂದು ಫಿಯೋನಾ ಕೇಳಿದಳು. ಕಂಪನಿಯಲ್ಲಿ ಯಾರೂ ಗೊತ್ತಿಲ್ಲ ಎಂದು ಆಗಲೇ ಹೇಳಿ ಆಗಿತ್ತು. ಅದು ಸುಳ್ಳೆಂದು ಈಗ ಒಪ್ಪಿದರೆ ಮುಂದಿನ ಮಾತನ್ನು ಯಾರು ನಂಬುತ್ತಾರೆ? ಇವನ ಲ್ಯಾಪ್‌ಟಾಪಿನೊಳಗೆ ಒಂದು ವರ್ಷದಿಂದ ನಾನೇ ಕೂತಿದ್ದೇನೆ ಎಂದರೆ ಕೆಲಸ ಕೊಡುತ್ತಾರೆಯೇ? ಅಹಲ್ಯಾ ಇದನ್ನೆಲ್ಲ ಯೋಚಿಸುವಷ್ಟರಲ್ಲಿ ಫಿಯೋನಾ ಧನ್ಯವಾದ ಹೇಳಿ ಪರದೆ ಮುಚ್ಚಿದಳು.

ಸಂಜೆ ಪ್ರತಾಪ ಫೋನ್ ಮಾಡಿದ. ಮಾಡದೆ ಇರುತ್ತಾನೆಯೇ?

"ಅಕ್ಕ, ಟೆನ್ಷನ್ ಮಾಡ್ಕೋಬೇಡಿ. ಅವ್ರು ನೀವು ಕೋಡ್ ಕದ್ದಿದೀರಿ, ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂತಿದ್ರು. ನಾನೇ ಬೇಡ ಅಂದೆ. ನಿಮ್ಮನ್ನ ಉಳಿಸಿದ್ದೇ ನಾನು."

"ಯಾಕೆ ಹಾಗಂದೆ ಪ್ರತಾಪ್? ಒಂದು ಹೌದು ಅನ್ನೋಕೆ ನಿನಗೇನಾಗಿತ್ತು?"

"ನೀವ್ಯಾಕೆ ಅದನ್ನ ಟೈಪ್ ಮಾಡಿದ್ರಿ ಅಕ್ಕ? ಅಷ್ಟು ಗೊತ್ತಾಗಲ್ವಾ ನಿಮ್ಗೆ? ನಾನು ಒಂದ್ಸಲ ಮನೆತನದ್ದು ಅಂದ್ಬಿಟ್ಟಿದೀನಿ, ಈಗ ಎಲ್ರದ್ದೂ ಅನ್ನೋಕಾಗತ್ತಾ?"

ಅಹಲ್ಯಾ ಫೋನ್ ಇಟ್ಟು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಕೆಲಸ ಹೋದದ್ದಕ್ಕಿಂತ, ಅವನು ಹಾಗೆ ಹೇಳುವಾಗ ದನಿ ಇಳಿಸಿದನಲ್ಲ, ಅದು ಅವಳ ಹೊಟ್ಟೆಯನ್ನು ಉರಿಸುತ್ತಿತ್ತು.

ಆದರೆ ಸುಳ್ಳಿಗೂ ಖರ್ಚಿದೆ. ಹೊರಗಿನ ಹೆಂಗಸಿಗೆ ಕೋಡ್ ಗೊತ್ತಾಗಿದೆ ಎಂದ ಮೇಲೆ ಕಂಪನಿಯ ಕಂಪ್ಯೂಟರ್ ಸೆಕ್ಯುರಿಟಿಯವರು ಸುಮ್ಮನಿರುತ್ತಾರೆಯೇ? ಎಲ್ಲರ ಲ್ಯಾಪ್‌ಟಾಪಿಗೂ ಬೀಗ ಜಡಿದರು. ಪರದೆಯನ್ನು ಇನ್ನೊಬ್ಬರಿಗೆ ಒಪ್ಪಿಸುವ ದಾರಿಯೆಲ್ಲ ಮುಚ್ಚಿಹೋಯಿತು. ಪ್ರತಾಪ ಮೊದಲ ಬಾರಿಗೆ ತನ್ನ ಕೆಲಸದ ಎದುರು ಒಬ್ಬನೇ ಕೂತ. ಸಿಕ್ಕಿದ ಕೆಲಸವೂ ಸಾಮಾನ್ಯದ್ದಲ್ಲ: ನರ್ಸುಗಳು ಬೇಗ ಬೇಗ ಬರೆದರೆ ಚೆಕ್ಕರ್ ತಪ್ಪು ಪದ ಬಿಟ್ಟು ಬೇರೆ ಪದ ಅಳಿಸುತ್ತಿತ್ತು. ಸೋಮವಾರ ಮೆಲ್ಬರ್ನಿನಲ್ಲಿ ವೃದ್ಧಾಶ್ರಮದವರ ಮುಂದೆ ಇದು ಸರಿಹೋಗಿದೆ ಎಂದು ಅವನೇ ತೋರಿಸಬೇಕಿತ್ತು. ಒಂದು ಸಾಲೂ ಮುಂದೆ ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಅವನು ಟಾರ್ನೀಟಿನ ಮನೆಯ ಬಾಗಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಚೀಲ, ಇನ್ನೊಂದರಲ್ಲಿ ಸಿಡ್ನಿಯ ಪೆಂಡಲ್ ಹಿಲ್‌ನಿಂದ ತಂದ ಮೈಸೂರು ಪಾಕಿನ ಡಬ್ಬಿ. ಭಾಸ್ಕರ ಕೆಲಸಕ್ಕೆ ಹೋಗಿದ್ದ. ಆದ್ಯಾ ಸ್ವಿಮ್ಮಿಂಗ್ ಕ್ಲಾಸಿನಲ್ಲಿದ್ದಳು.

"ಅಕ್ಕ, ನನ್ ಮೇಲೆ ಕೋಪ ಇರತ್ತೆ, ಇರ್ಲಿ. ಇದೊಂದು ಮಾಡ್ಕೊಡಿ. ನಾಳೆ ಇದು ಆಗ್ಲಿಲ್ಲ ಅಂದ್ರೆ ನನ್ ಕಥೆ ಮುಗೀತು. ಮಾರ್ಟ್‌ಗೇಜ್ ಇದೆ, ಹೆಂಡ್ತಿ ಪ್ರೆಗ್ನೆಂಟು."

"ನನ್ ರೆಫರೆನ್ಸು?"

ಪ್ರತಾಪ ಕಾಲ ಬೆರಳು ನೋಡಿಕೊಂಡ. "ಅದು ಇನ್ನು ಕಷ್ಟ ಅಕ್ಕ. ನಿಮ್ ಹೆಸ್ರು ಅಲ್ಲಿ ಬೇರೆ ಥರ ಹೋಗಿದೆಯಲ್ಲ. ನಾನು ಕೊಟ್ರೆ ನಾನೂ ಸಿಕ್ಕಾಕ್ಕೋತೀನಿ."

"ಸರಿ," ಎಂದಳು ಅಹಲ್ಯಾ. "ಕೂತ್ಕೋ."

ಅವನ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ತಪ್ಪು ಎಲ್ಲಿದೆಯೆಂದು ಅವಳಿಗೆ ಬೇಗ ಹೊಳೆಯಿತು. ಬರಹ ಚೆಕ್ಕರಿಗೆ ಹೋಗಿ ಉತ್ತರ ಬರುವಷ್ಟರಲ್ಲಿ ನರ್ಸು ಇನ್ನಷ್ಟು ಬರೆದಿರುತ್ತಾಳೆ. ಹಳೆಯ ಬರಹಕ್ಕೆ ಬಂದ ಉತ್ತರವನ್ನು ಎಡಿಟರ್ ಹೊಸ ಬರಹಕ್ಕೆ ಹಚ್ಚುತ್ತದೆ. ತಡವಾಗಿ ಬಂದ ಉತ್ತರವನ್ನು ಎಸೆದುಬಿಟ್ಟಿದ್ದರೂ ನಡೆಯುತ್ತಿತ್ತು. ಅವಳು ಎಸೆಯಲಿಲ್ಲ. ನಡುವೆ ಬರಹ ಎಷ್ಟು ಸರಿದಿದೆಯೋ ಅಷ್ಟೇ ಉತ್ತರವನ್ನೂ ಸರಿಸಿ, ಅದರ ಜಾಗಕ್ಕೆ ಕೂರಿಸುವ ಹಾಗೆ ಬರೆದಳು. ಕೌಂಟರು, ಗಂಡ, ಇಂಟರ್‌ವ್ಯೂ ಯಾವುದೂ ಆ ಹೊತ್ತು ಅವಳಿಗೆ ನೆನಪಿರಲಿಲ್ಲ. ಮುಗಿದ ಮೇಲೆ ಪ್ರೋಗ್ರಾಮ್ ಓಡಿಸಿ ನೋಡಿದಳು. ಎಷ್ಟು ಬೇಗ ಟೈಪ್ ಮಾಡಿದರೂ ಗೆರೆ ತಪ್ಪು ಪದದ ಕೆಳಗೇ ಬಂದು ನಿಲ್ಲುತ್ತಿತ್ತು. ಅವಳ ಜೀವನದಲ್ಲಿ ಅಷ್ಟು ಚೆನ್ನಾದ ಕೆಲಸವನ್ನು ಅವಳು ಮಾಡಿರಲಿಲ್ಲ, ಅದು ಅವಳಿಗೆ ಗೊತ್ತಾಯಿತು.

ಪ್ರತಾಪ ಉಸಿರು ಬಿಟ್ಟ. "ದೇವ್ರು ಅಕ್ಕ ನೀವು. ಸೇವ್ ಮಾಡಿ."

"ನೋಡ್ದೆ ತಾನೆ? ಸರಿಯಾಗಿ ನೋಡ್ದೆಯಾ?"

"ನೋಡ್ದೆ ಅಕ್ಕ."

ಅಹಲ್ಯಾ ಸೇವ್ ಮಾಡದೆ ಮುಚ್ಚಿದಳು. ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಬೇಡ ಎಂದು ಒತ್ತಿದಳು. ಮತ್ತೆ ತೆರೆದು, ಅವನು ತಂದಾಗ ಹೇಗಿತ್ತೋ ಹಾಗೇ ಇದ್ದ ಪುಟವನ್ನು ಅವನ ಕಡೆ ತಿರುಗಿಸಿದಳು.

"ಹಾಗೇ ಮಾಡ್ಬೇಕು. ಮಾಡು," ಎಂದಳು.

ಪ್ರತಾಪ ಪರದೆಯನ್ನು ನೋಡಿದ, ಕೀಲಿಗಳ ಮೇಲೆ ಕೈ ಇಟ್ಟ, ತೆಗೆದ. ಮೊದಲ ಸಾಲು ಏನಿತ್ತೆಂದೂ ಅವನಿಗೆ ನೆನಪಿರಲಿಲ್ಲ. ಅಹಲ್ಯಾ ಎದುರಿಗೇ ಕೂತು ಕಾಫಿ ಕುಡಿದಳು. ಅವನಿಗೆ ಕೊಡಲಿಲ್ಲ. ಅವನ ಹಣೆ ಬೆವರುವುದನ್ನು ನೋಡಿ ಅವಳಿಗೆ ಹಿತವಾಯಿತು, ಆ ಹಿತವನ್ನು ಅವಳು ಮುಚ್ಚಿಡಲಿಲ್ಲ. ಅವನು ಕೊನೆಗೆ ಅತ್ತೇಬಿಟ್ಟ. ಮಗಳನ್ನು ಕರೆದುಕೊಂಡು ಬರುವ ಹೊತ್ತಾಯಿತು, ಏಳು ಎಂದಳು. ಮೈಸೂರು ಪಾಕಿನ ಡಬ್ಬಿಯನ್ನು ಅವನ ಚೀಲಕ್ಕೆ ತಾನೇ ಹಾಕಿದಳು.

ಇಲ್ಲಿಗೆ ಅವಳು ಸುಮ್ಮನಾಗಿದ್ದರೆ ಗೆದ್ದಿರುತ್ತಿದ್ದಳು. ಆದರೆ ಆ ಕೆಲಸ ಅವಳ ತಲೆಯಲ್ಲಿ ಸಾಲು ಸಾಲಾಗಿ ಹಾಗೇ ಇತ್ತು. ಅಷ್ಟು ಒಳ್ಳೆಯದನ್ನು ಮಾಡಿ ಒಬ್ಬ ದಡ್ಡನಿಗೆ ಮಾತ್ರ ತೋರಿಸಿ ಅಳಿಸಿದ್ದು ಅವಳನ್ನು ಕೊರೆಯತೊಡಗಿತು. ತನ್ನ ಮಾತನ್ನು ಮುಂದೆ ಬಾಗಿ ಕೇಳಿದ್ದ ಫಿಯೋನಾ ನೆನಪಾದಳು. ನಿಜ ಹೇಳಿದರೆ ಅವಳಿಗೆ ಅರ್ಥವಾದೀತು ಎನಿಸಿತು. ಆದ್ಯಾಳಿಗೆ ಊಟಕ್ಕೆ ಬಡಿಸಿ, ತನ್ನ ಲ್ಯಾಪ್‌ಟಾಪ್ ತೆರೆದು, ಎಲ್ಲವನ್ನೂ ನೆನಪಿನಿಂದಲೇ ಮತ್ತೆ ಬರೆದಳು. ಮೇಲೆ ಫಿಯೋನಾಗೆ ನಾಲ್ಕು ಮಾತು: ಒಂದು ವರ್ಷದಿಂದ ಪ್ರತಾಪನ ಕೆಲಸ ಮಾಡುತ್ತಿರುವವಳು ನಾನು, ಆ ಶ್ರೀಯೂ ನನ್ನದೇ, ನಾಳೆ ನೀವು ತೋರಿಸಬೇಕಾದ ಪರಿಹಾರ ಇದರ ಜೊತೆಗಿದೆ, ಅವನಿಗೆ ಇದನ್ನು ಮಾಡಲು ಬರುತ್ತದೆಯೇ ಎಂದು ನೀವೇ ಕೇಳಿ ನೋಡಿ.

"What are you doing, Amma?" ಎಂದು ಆದ್ಯಾ ಕೇಳಿದಳು.

"ನನ್ ಕೆಲ್ಸ ಮಾಡ್ತಿದೀನಿ ಪುಟ್ಟ," ಎಂದು ಅಹಲ್ಯಾ ಮೇಲ್ ಕಳಿಸಿದಳು.

ಫಿಯೋನಾ ಕೆಟ್ಟವಳಲ್ಲ, ನಿಯಮ ಬಲ್ಲವಳು. ಹೊರಗಿನವಳೊಬ್ಬಳು ಕಳಿಸಿದ ಕೋಡ್ ತಮ್ಮ ಕಂಪನಿಯ ಗುಟ್ಟಿನ ಕೋಡಿಗೆ ಕೀಲಿನಂತೆ ಕೂರುವುದನ್ನು ಅವಳು ಕಂಡಳು. ಹೀಗೆ ಬರೆಯಬೇಕಾದರೆ ಒಳಗಿನದ್ದೆಲ್ಲ ಗೊತ್ತಿರಬೇಕು. ಕಳ್ಳತನಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಕಂಪನಿಯಲ್ಲಿ ಯಾರೂ ಗೊತ್ತಿಲ್ಲ ಎಂದವಳು ಈಗ ಪ್ರತಾಪನ ಹೆಸರು ಹೇಳಿದರೆ ನಂಬುವುದು ಹೇಗೆ? ಮೇಲನ್ನು ಆ ರಾತ್ರಿಯೇ ಸೆಕ್ಯುರಿಟಿಯವರಿಗೆ ದಾಟಿಸಿದಳು. ಅವರು, ಇದು ನಿಮ್ಮ ಕೋಡೇ ನೋಡಿ ಹೇಳಿ ಎಂದು ಅದನ್ನು ತಿಳಿದವನಿಗೆ ಕಳಿಸಿದರು. ತಿಳಿದವನು ಎಂದರೆ ಪ್ರತಾಪ. ಮೆಲ್ಬರ್ನಿನ ಹೋಟೆಲಿನ ಹಾಸಿಗೆಯ ಮೇಲೆ, ಯಾವ ಕಾಯಿಲೆಯ ನೆಪ ಹೇಳಲಿ ಎಂದು ಯೋಚಿಸುತ್ತಿದ್ದವನು ಎದ್ದು ಕೂತ. ಹೌದು, ಇದು ನಾನು ಬರೆಯುತ್ತಿದ್ದದ್ದು, ಇದನ್ನೂ ಬಿಟ್ಟಿಲ್ಲ ಆಕೆ ಎಂದು ಉತ್ತರ ಬರೆದ. ಆಮೇಲೆ ಆ ಕೋಡನ್ನು ಎತ್ತಿ ಎಡಿಟರಿಗೆ ಅಂಟಿಸಿದ.

ಸೋಮವಾರ ಮಧ್ಯಾಹ್ನ ಅಹಲ್ಯಾ ಕೌಂಟರಿನಲ್ಲಿದ್ದಾಗ ಕಂಪನಿಯ ವಕೀಲರ ಮೇಲ್ ಬಂತು. ನಮ್ಮದೇನೇನು ನಿಮ್ಮ ಬಳಿ ಇದೆಯೋ ಎಲ್ಲವನ್ನೂ ಅಳಿಸಿ, ಇನ್ನು ಮುಂದೆ ನಮ್ಮ ಯಾರನ್ನೂ ಸಂಪರ್ಕಿಸಬೇಡಿ ಎಂದಿತ್ತು. ಅದನ್ನು ಅವಳು ಎರಡನೆಯ ಸಲ ಓದುತ್ತಿರುವಾಗಲೇ ಫೋನ್ ಬಂತು. ಪ್ರತಾಪ ಇಂಥದ್ದನ್ನೆಲ್ಲ ಮೆಸೇಜಿನಲ್ಲಿ ಬರೆಯುವ ದಡ್ಡನಲ್ಲ.

"ಅಕ್ಕ, ಡೆಮೋ ಸೂಪರಾಗಿ ಹೋಯ್ತು. ನೀವು ಕಳ್ಸಿದ್ದು ನನ್ ಹತ್ರಾನೇ ಬಂತು. ಅಳ್ಸಿದಾಗ ಪ್ರಾಣಾನೇ ಹೋಗಿತ್ತು ನಂಗೆ. ಬೇಜಾರ್ ಮಾಡ್ಕೋಬೇಡಿ, ಆ ಲಾಯರ್ ಕಳ್ಸಿದ ಮೇಲ್ ಎಲ್ಲ ಸುಮ್ನೆ ಫಾರ್ಮಾಲಿಟಿ."

ಕೌಂಟರಿನ ಆಚೆ ಮೂರು ಜನ ಬುಟ್ಟಿ ಹಿಡಿದು ನಿಂತಿದ್ದರು.

"ಅಕ್ಕ, ಒಂದೇ ಒಂದು. ಕೊನೇಲಿ ಅದೇನೋ ಸರಿಸ್ತೀರಲ್ಲ, ಅದು ನಂಗೆ ಅರ್ಥ ಆಗ್ಲಿಲ್ಲ. ಸಂಜೆ ಫಿಯೋನಾ ಟೀಮಿಗೆ ಎಕ್ಸ್‌ಪ್ಲೇನ್ ಮಾಡು ಅಂದಿದಾಳೆ. ಬ್ರಿಲಿಯಂಟ್ ಅಂದ್ಳು ಅಕ್ಕ. ಆ ಭಾಗ ಬ್ರಿಲಿಯಂಟ್ ಅಂತ ಎಲ್ರ ಮುಂದೆ ಅಂದ್ಳು."

ಅಹಲ್ಯಾ ಬೈಯಲು ಬಾಯಿ ತೆರೆದಳು. ಅವಳಿಗೆ ಗೊತ್ತಿದ್ದ ಕೆಟ್ಟ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು.

"ಬ್ರಿಲಿಯಂಟ್ ಅಂದ್ಳಾ?" ಎಂದು ಕೇಳಿದಳು.

"ಹೂಂ ಅಕ್ಕ."

ಮುಂದಿನ ಗಿರಾಕಿ ಟೊಮೆಟೊ ಚೀಲವನ್ನು ಕೌಂಟರಿನ ಮೇಲಿಟ್ಟ. ಅಹಲ್ಯಾ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಚೀಲವನ್ನು ತಕ್ಕಡಿಗೆ ಹಾಕಿದಳು.

"ನೋಡು, ಮೊದಲು ನರ್ಸ್ ಬರೆದದ್ದು ಚೆಕ್ಕರಿಗೆ ಹೋಗುತ್ತಲ್ಲ," ಎಂದು ಹೇಳತೊಡಗಿದಳು. ಅವನಿಗೆ ಅರ್ಥವಾಗದಿದ್ದಲ್ಲೆಲ್ಲ ನಿಲ್ಲಿಸಿ, ಬಿಡಿಸಿ, ಮತ್ತೆ ಹೇಳಿದಳು.